ಹನ್ನೊಂದು ಡಬ್ಬಿಯ ದೊರೆ

ನೊರ್ಬರ್ಟ್ ತಾವ್ರೊ ಅವರ ಮಂಚದ ಕೆಳಗೆ ಹನ್ನೊಂದು ತಗಡಿನ ಡಬ್ಬಿಗಳಿದ್ದವು. ಊಟದ ಬಟ್ಟಲಿನಷ್ಟು ಅಗಲ, ಎರಡು ಬೆರಳಿನಷ್ಟು ದಪ್ಪ. ಒಂದೊಂದರಲ್ಲಿ ಒಂದೊಂದು ಇಂಗ್ಲಿಷ್ ಪಿಕ್ಚರು, ಹತ್ತು ನಿಮಿಷದ್ದು. ಪಿಕ್ಚರಿಗೆ ಇನ್ನೂ ಮಾತು ಬಂದಿರದ ಕಾಲದಲ್ಲಿ ಲಂಡನ್ ಕಡೆಯಲ್ಲಿ ತೆಗೆದವು. ಎಲ್ಲವೂ ನಗಿಸುವಂಥವು. ಆ ಡಬ್ಬಿಗಳಿಂದ ಅವರ ಜೀವಕ್ಕೆ ಏನು ಬಂತು ಎಂಬುದನ್ನು ನಾನು ಕಂಡಷ್ಟು ಬರೆಯುತ್ತೇನೆ. ಕಾಣದ್ದನ್ನು ಬರೆದರೆ ಅದನ್ನು ನನಗೆ ಯಾರು ಹೇಳಿದರು ಎಂದೂ ಬರೆಯುತ್ತೇನೆ. ನಾವು ಆಡಿದ್ದು ತುಳುವಿನಲ್ಲಿ; ಇಲ್ಲಿ ಕನ್ನಡ ಮಾಡಿದ್ದೇನೆ.

ನಮ್ಮ ಕಡೆ ಕ್ರಿಶ್ಚನ್ ಗಂಡಸರನ್ನು ಪೊರ್ಬುಗಳೆಂದು, ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ. ನಾನೂ ನೊರ್ಬರ್ಟರನ್ನು ಪೊರ್ಬುಗಳೆಂದೇ ಕರೆಯುತ್ತಿದ್ದೆ. ನನಗಿಂತ ಐದು ವರ್ಷ ಚಿಕ್ಕವರು, ಅಕ್ಕ ಎನ್ನುತ್ತಿದ್ದರು. ಕಿನ್ನಿಗೋಳಿಯ ಹತ್ತಿರದವರು. ಹದಿನಾರನೇ ವಯಸ್ಸಿನಲ್ಲಿ ಒಂದು ಟೂರಿಂಗ್ ಟಾಕೀಸಿಗೆ ಸೇರಿ, ಟೆಂಟಿನ ಗೂಟ ಹೊಡೆಯುತ್ತಾ ಹೊಡೆಯುತ್ತಾ ಮಶೀನು ಓಡಿಸಲು ಕಲಿತರು. 1961ರಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಕುವೈತಿಗೆ ಬಂದರು. ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಬಿಳಿಯರಿಗಾಗಿ ಒಂದು ಕ್ಲಬ್ಬು ಇತ್ತು. ಪೊರ್ಬುಗಳು ಅಲ್ಲಿ ಮಶೀನ್ ಆಪರೇಟರ್, ನನ್ನ ಗಂಡ ಅಡುಗೆಯವರು. ಶುಕ್ರವಾರ ಬೆಳಿಗ್ಗೆ ದೊರೆಗಳ ಮಕ್ಕಳಿಗೆ ಈ ಮೂಕ ಪಿಕ್ಚರು ತೋರಿಸುತ್ತಿದ್ದರು. ವಿಡಿಯೊ ಬಂದ ಮೇಲೆ ಡಬ್ಬಿಗಳನ್ನು ಎಸೆಯಲೆಂದು ಹೊರಗಿಟ್ಟರು. ಪೊರ್ಬುಗಳು ಕೇಳಿ ಹನ್ನೊಂದು ಡಬ್ಬಿ, ಮಶೀನು, ಎರಡು ಬಲ್ಬು ಮನೆಗೆ ತಂದರು. ದೊರೆಗಳು ನಾಟಕಕ್ಕೆ ಇಟ್ಟುಕೊಂಡಿದ್ದ ಕಪ್ಪು ಗುಂಡು ಟೋಪಿಯೊಂದನ್ನೂ ತಂದರು.

ನನ್ನ ಗಂಡ ಅಷ್ಟರಲ್ಲಿ ತೀರಿಹೋಗಿದ್ದರು. ನಾನು ಅಬು ಹಲೀಫಾದಲ್ಲಿ ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿದ್ದು ನಮ್ಮೂರಿನ ಆರು ಮಂದಿಗೆ ಊಟ ಮಾಡಿ ಹಾಕುತ್ತಿದ್ದೆ. ಪೊರ್ಬುಗಳೂ ಅವರ ಹೆಂಡತಿ ಮಗ್ದಲೀನ್ ಬಾಯಿಯೂ ನನ್ನ ತಲೆಯ ಮೇಲಿನ ಮನೆಯಲ್ಲಿದ್ದರು. 1990ರ ಜೂನಿನಲ್ಲಿ ಬಾಯಿ ಮಗಳ ಬಾಣಂತನಕ್ಕೆ ಊರಿಗೆ ಹೋದರು. ಹಾಗಾಗಿ ಆಗಸ್ಟ್ ಎರಡು, ಗುರುವಾರ, ಇರಾಕಿನ ಸೈನ್ಯ ಕುವೈತಿನ ಒಳಗೆ ಬಂದಾಗ ಪೊರ್ಬುಗಳು ಒಬ್ಬರೇ.

ಬಲ್ಬಿನ ವಿಷಯ ಮೊದಲೇ ಹೇಳಬೇಕು. ಮಶೀನಿನ ಪ್ರಾಣ ಅದರಲ್ಲಿತ್ತು. ನಿಂಬೆಹಣ್ಣಿಗಿಂತ ಸ್ವಲ್ಪ ಉದ್ದ, ತೆಳು ಗಾಜು. ಐವತ್ತು ಗಂಟೆ ಉರಿಯುತ್ತದೆ, ಆಮೇಲೆ ಇಲ್ಲ. ಅರ್ಧ ಗಂಟೆಗೊಂದು ಗೀಟಿನಂತೆ ಪೊರ್ಬುಗಳು ಮಶೀನಿನ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು. ಇನ್ನೊಂದು ನಿಯಮ, ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಸುಟ್ಟು ಉಬ್ಬುತ್ತದೆ, ಐವತ್ತು ಗಂಟೆಯ ಬಲ್ಬು ಎರಡು ಗಂಟೆಗೆ ಒಡೆಯುತ್ತದೆ. ಅವರು ಯಾವಾಗಲೂ ಬಿಳಿ ಬಟ್ಟೆಯಲ್ಲಿ ಹಿಡಿಯುತ್ತಿದ್ದರು. ನಾನು ಹತ್ತಿರ ಹೋದರೆ ಸಾಕು, "ಅಕ್ಕಾ, ಅದು ಮೀನು ಹುರಿದ ಕೈ! ದೂರ ನಿಲ್ಲಿ ಮಾರಾಯ್ರೆ, ದೊರೆಗೆ ವಾಸನೆ ಆಗುವುದಿಲ್ಲ" ಎನ್ನುತ್ತಿದ್ದರು.

ಸೈನ್ಯ ಬಂದ ಮೇಲೆ ಎರಡು ವಾರ ನಾವು ಯಾರೂ ನಿದ್ದೆ ಮಾಡಲಿಲ್ಲ. ಫೋನಿಲ್ಲ, ಕಾಗದವಿಲ್ಲ. ಕೆಳಗಿನ ಅಂಗಡಿಯ ಅಬ್ದುಲ್ ಲತೀಫ್ ಅಕ್ಕಿ ಚೀಲಗಳನ್ನು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಅಡಗಿಸಿಟ್ಟರು. ಅವರು ಉಪ್ಪಿನಂಗಡಿಯ ಬ್ಯಾರಿ, ಬಾಯಿ ಜೋರು, ಮನಸ್ಸು ಒಳ್ಳೆಯದು. ಊಟಕ್ಕೆ ಬರುವ ಆರು ಮಂದಿ ತಟ್ಟೆಯ ಮುಂದೆ ಕುಳಿತು ಅನ್ನವನ್ನು ಸುಮ್ಮನೆ ನೋಡುತ್ತಿದ್ದರು. ಒಬ್ಬ ಅಳುತ್ತಿದ್ದ. ಆಗ ಪೊರ್ಬುಗಳು, "ನಾಳೆ ನಾಲ್ಕಕ್ಕೆ ಇಂಗ್ಲಿಷ್ ಉಂಟು, ಎಲ್ಲ ಬನ್ನಿ" ಎಂದರು.

ಈ ಮಾತನ್ನು ನೆನಪಿಡಬೇಕು. ನಮ್ಮ ಊರಿನ ಟಾಕೀಸಿನಲ್ಲಿ ಹಿಂದಿ ಉಂಟು, ತಮಿಳು ಉಂಟು, ಇಂಗ್ಲಿಷ್ ಉಂಟು ಎಂದರೆ ಪಿಕ್ಚರ್ ಉಂಟು ಎಂದೇ ಅರ್ಥ. ಪಿಕ್ಚರ್ ಎಂಬ ಮಾತು ಯಾರೂ ಸೇರಿಸುವುದಿಲ್ಲ. ನಮ್ಮ ಕಟ್ಟಡದಲ್ಲಿಯೂ ಅದೇ ರೂಢಿಯಾಯಿತು. ಇವತ್ತು ಇಂಗ್ಲಿಷ್ ಉಂಟಾ? ಉಂಟು.

ಸಂಜೆ ನಾಲ್ಕಕ್ಕೆ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಬೆಡ್‌ಶೀಟು ಹೊಡೆದು, ದಿನಕ್ಕೆ ಮೂರು ಡಬ್ಬಿ. ಪೊರ್ಬುಗಳು ಗುಂಡು ಟೋಪಿ ಹಾಕಿಕೊಂಡು ಮಶೀನಿನ ಪಕ್ಕ ನಿಂತು, ಮೂಕ ಪಿಕ್ಚರಿಗೆ ತಾವೇ ಮಾತು ಕೊಡುತ್ತಿದ್ದರು.

ಎಲ್ಲರೂ ಕೇಳಿ ಹಾಕಿಸುತ್ತಿದ್ದದ್ದು ಗೇಟಿನ ದೊರೆಯ ಡಬ್ಬಿ. ಗುಂಡು ಟೋಪಿಯ ಒಬ್ಬ ದೊರೆ ಕೈಯಲ್ಲಿ ಹೂ ಹಿಡಿದು ಒಬ್ಬ ಬಾಯಿಯ ಮನೆಗೆ ಚಹಾಕ್ಕೆ ಬರುತ್ತಾನೆ. ಅವನ ಕೋಟು ಗೇಟಿಗೆ ಸಿಕ್ಕಿಕೊಳ್ಳುತ್ತದೆ. ಎಳೆಯುತ್ತಾನೆ, ಗೇಟೇ ಕಿತ್ತು ಬೆನ್ನಿಗೆ ಬರುತ್ತದೆ. ಅವನಿಗೆ ಗೊತ್ತು, ನಮಗೂ ಗೊತ್ತು. ಹಿಂದೆ ಹೋಗಿ ಬಿಡಿಸಿಕೊಳ್ಳಲು ಮಾನ ಬಿಡುವುದಿಲ್ಲ. ಗೇಟು ಹೊತ್ತುಕೊಂಡೇ ಒಳಗೆ ಬಂದು, ಟೋಪಿ ಎತ್ತಿ ಸಲಾಂ ಹೇಳಿ ಕುಳಿತುಕೊಳ್ಳುತ್ತಾನೆ. ಬಾಯಿ ನೋಡುತ್ತಾಳೆ, ಮನೆಗೆ ಬಂದವರಿಗೆ ನಿನ್ನ ಬೆನ್ನಲ್ಲಿ ಗೇಟಿದೆ ಎಂದು ಹೇಗೆ ಹೇಳುವುದು? ಕಂಬಿಗಳ ಸಂದಿನಿಂದ ಚಹಾದ ಕಪ್ಪು ದಾಟಿಸುತ್ತಾಳೆ.

"ಸಕ್ಕರೆ ಎಷ್ಟು ದೊರೆಗಳೇ?" ಪೊರ್ಬುಗಳು ಹೆಂಗಸಿನ ಸ್ವರದಲ್ಲಿ ಕೇಳುತ್ತಿದ್ದರು.

"ಎರಡು ಚಮಚ ಸಾಕು ಬಾಯಿ. ಇವತ್ತು ಯಾಕೋ ಬೆನ್ನು ಸ್ವಲ್ಪ ಭಾರ."

ಆಮೇಲೆ ದಪ್ಪ ಪೊಲೀಸು ಗೇಟು ಕದ್ದವನನ್ನು ಹುಡುಕಿಕೊಂಡು ಬರುತ್ತಾನೆ. ಅವನನ್ನು ಪೊರ್ಬುಗಳು ಬಂಟ್ವಾಳದ ದಫೇದಾರ್ರು ಎನ್ನುತ್ತಿದ್ದರು. ದಫೇದಾರ್ರು ಗೇಟನ್ನು ಕಣ್ಣಾರೆ ನೋಡುತ್ತಾರೆ, ಆದರೆ ಮರ್ಯಾದೆಯ ಮನೆ ನೋಡಿ! ಸುಮ್ಮನೆ ಕುಳಿತು ಅವರೂ ಚಹಾ ಕುಡಿಯುತ್ತಾರೆ.

ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು. ಹಿಂದಿ ಪಿಕ್ಚರು ನೋಡಿದರೆ ಅರ್ಧ ತಿಳಿಯುವುದಿಲ್ಲ. ಇದರಲ್ಲಿ ತಿಳಿಯದ್ದು ಒಂದೂ ಇರಲಿಲ್ಲ. ಆ ದೊರೆ ಬೀಳುತ್ತಾನೆ, ಎದ್ದ ಕೂಡಲೇ ಗಾಯ ನೋಡಿಕೊಳ್ಳುವುದಿಲ್ಲ, ಟೋಪಿ ಹುಡುಕುತ್ತಾನೆ. ಕೆರೆಗೆ ಬಿದ್ದರೆ ಬಾತುಕೋಳಿಗೆ ಟೋಪಿ ಎತ್ತುತ್ತಾನೆ. ನಾನು ಹುಟ್ಟಿದಾಗ ನಮ್ಮನ್ನು ಆಳುತ್ತಿದ್ದವರು ಅವರೇ. ಅವರ ಮುಂದೆ ನನ್ನ ಗಂಡ ಹದಿನೆಂಟು ವರ್ಷ ತಲೆ ತಗ್ಗಿಸಿ ತಟ್ಟೆ ಹಿಡಿದಿದ್ದರು. ಅವರೂ ಒಳಗೆ ಹೀಗೆ ಗೇಟು ಹೊತ್ತು ನಾಚಿಕೊಂಡಿರುವವರೇ ಎಂದು ಆ ಬೆಡ್‌ಶೀಟಿನ ಮೇಲೆ ನೋಡಿ ನನಗೆ ಗೊತ್ತಾಯಿತು. ನಗು ಬರುತ್ತಿತ್ತು, ಸ್ವಲ್ಪ ಕನಿಕರವೂ ಬರುತ್ತಿತ್ತು. ಅಳುತ್ತಿದ್ದವನು ನಕ್ಕು ನಕ್ಕು ಗೋಡೆ ಹಿಡಿದುಕೊಂಡ. ಆ ದಿನ ಎಲ್ಲರೂ ಅನ್ನ ಉಂಡರು.

ಹೊರಗೆ ಆಗ ಬಿಳಿಯರನ್ನು ಹಿಡಿಯುತ್ತಿದ್ದರು. ಇಂಗ್ಲಿಷಿನವರು, ಅಮೇರಿಕದವರು ಎಲ್ಲಿದ್ದರೂ ಬಂದು ಒಪ್ಪಿಸಿಕೊಳ್ಳಬೇಕು, ಅವರನ್ನು ಮನೆಯಲ್ಲಿ ಅಡಗಿಸಿಟ್ಟವರಿಗೆ ಗಲ್ಲು ಎಂದು ರೇಡಿಯೊದಲ್ಲಿ ಹೇಳಿದರು ಎಂದು ಲತೀಫ್ ಹೇಳಿದರು. ನಮಗೆ ಅದು ತಾಗಿದ ಮಾತು ಎಂದು ಅನಿಸಲಿಲ್ಲ. ನಮಗೆ ಹೋಗಲು ದಾರಿ ಸಿಕ್ಕಿತ್ತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. ಪೊರ್ಬುಗಳು, ನಾನು, ಲತೀಫ್, ಮೂವರ ಹೆಸರೂ ಸೆಪ್ಟೆಂಬರ್ 27, ಗುರುವಾರದ ಬಸ್ಸಿಗೆ ಬಂತು.

ಸೆಪ್ಟೆಂಬರ್ 22, ಶನಿವಾರ, ಬೆಳಿಗ್ಗೆ ಏಳು ಗಂಟೆ. ರೊಟ್ಟಿಯ ಸಾಲಿನಲ್ಲಿ ನಿಂತಿದ್ದೆ. ಮೂವತ್ತು ಮಂದಿ ಇದ್ದರು. ಸಾಲಿನ ತುದಿಯಲ್ಲಿ ಬಂದೂಕು ಹಿಡಿದ ಇಬ್ಬರು. ನನ್ನ ಮುಂದೆ ನಮ್ಮ ಕಟ್ಟಡದ ಕಾವಲಿನವನು, ಹಿಂದೆ ಲತೀಫ್. ಕಾವಲಿನವನು ತಿರುಗಿ, ಮೂರನೇ ಮಾಳಿಗೆಯಲ್ಲಿ ದಿನಾ ನಾಲ್ಕು ಗಂಟೆಗೆ ಅದೇನು ನಗು ಎಂದು ಅರಬಿಯಲ್ಲಿ ಕೇಳಿದ. ನನಗಿದ್ದದ್ದು ಅಡುಗೆಮನೆಯ ಅರಬಿ, ಐವತ್ತು ಮಾತು. ಉತ್ತರ ಗೊತ್ತಿದೆ ಎಂಬ ಸಂತೋಷಕ್ಕೆ ಜೋರಾಗಿಯೇ ಹೇಳಿದೆ.

"ಇಂಗ್ಲೀಝಿ. ಫೋಗ್ ಇಂಗ್ಲೀಝಿ. ಕುಲ್ಲು ಯೋಮ್."

ಮೇಲೆ ಇಂಗ್ಲಿಷ್ ಉಂಟು, ದಿನಾ ಉಂಟು ಎಂದು ನಾನು ಹೇಳಿದ್ದು. ನನ್ನ ಮುಂದಿದ್ದವರೆಲ್ಲ ಒಂದೊಂದು ಹೆಜ್ಜೆ ಸರಿದು ನಿಂತರು. ಲತೀಫ್ ಕಾವಲಿನವನಿಗೆ "ಫಿಲಮ್, ಫಿಲಮ್" ಎಂದು ನಗುತ್ತಾ ಕೈಯಲ್ಲಿ ಚಕ್ರ ತಿರುಗಿಸಿ ತೋರಿಸಿದರು. ಅವನು "ತಯ್ಯಿಬ್, ತಯ್ಯಿಬ್", ಸರಿ ಸರಿ, ಎಂದು ತನ್ನ ಕಾಲು ನೋಡಿಕೊಂಡ. ಲತೀಫ್ ನನ್ನ ತೋಳು ಹಿಡಿದು ಸಾಲಿನಿಂದ ಹೊರಗೆ ಎಳೆದರು.

"ಎಂತ ಮಾಡಿದ್ರಿ ಮೋಹಿನಿಯಕ್ಕ!"

"ಎಂತ ಮಾಡಿದೆ? ಇಂಗ್ಲಿಷ್ ಉಂಟು ಅಂದೆ."

"ಅವರ ಮಾತಲ್ಲಿ ಇಂಗ್ಲೀಝಿ ಅಂದ್ರೆ ಇಂಗ್ಲಿಷಿನ ಮನುಷ್ಯ! ಮೇಲೆ ಒಬ್ಬ ಇಂಗ್ಲಿಷಿನವ ಇದ್ದಾನೆ, ದಿನಾ ಇರ್ತಾನೆ ಅಂತ ಬಂದೂಕಿನ ಎದುರು ಹೇಳಿದ್ರಲ್ಲ. ಯಾ ಪಡೆಚೋನೇ! ಒಂದು ಫಿಲಮ್ ಅಂತ ಸೇರಿಸ್ಲಿಕ್ಕೆ ಆಗ್ಲಿಲ್ವಾ? ಅರಬಿಯಲ್ಲೂ ಫಿಲಮ್ಮೇ!"

"ನಮ್ಮಲ್ಲಿ ಯಾರಾದರೂ ಹಾಗೆ ಹೇಳ್ತಾರಾ ಲತೀಫ್?"

"ಹೇಳುದಿಲ್ಲ. ಅದೇ ಕರ್ಮ."

ಆ ದಿನ ರೊಟ್ಟಿ ಇಲ್ಲದೆ ಬಂದೆವು. ಮಾತನ್ನು ಮುಂದೆ ಯಾರು ಮುಟ್ಟಿಸಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಟದ್ದು ನನ್ನ ಬಾಯಿಯಿಂದ.

ಪೊರ್ಬುಗಳಿಗೆ ಹೇಳಿದೆವು. ಅವರು ಮೊದಲು ನಕ್ಕರು. "ಇಷ್ಟು ವರ್ಷ ಮಂಚದ ಅಡಿಯಲ್ಲಿ ಮಲಗಿದ ದೊರೆಗೆ ಕೊನೆಗೂ ಈ ದೇಶದಲ್ಲಿ ಇರ್ಲಿಕ್ಕೆ ಇಕಾಮಾ ಸಿಕ್ಕಿತು" ಎಂದರು. ಆಮೇಲೆ ನಗು ನಿಲ್ಲಿಸಿ ಮೂಗು ಉಜ್ಜಿಕೊಂಡರು.

"ಗುರುವಾರದವರೆಗೆ ಅಬ್ಬಾಸಿಯಾಕ್ಕೆ ಹೋಗಿ ಇರಿ ಪೊರ್ಬುಗಳೇ," ಎಂದರು ಲತೀಫ್. "ಅಲ್ಲಿ ಒಂದು ಕೋಣೆಯಲ್ಲಿ ಹತ್ತು ಜನ. ಹನ್ನೊಂದನೆಯವ ಯಾರಿಗೂ ಕಾಣುದಿಲ್ಲ."

"ಅವರು ಬಂದು ಖಾಲಿ ಮನೆ ನೋಡಿದ್ರೆ? ಇಂಗ್ಲಿಷಿನವನನ್ನು ಕರ್ಕೊಂಡು ಓಡಿದ ಅಂತ ಆಗ್ತದೆ. ಆಮೇಲೆ ಈ ಅಕ್ಕನನ್ನು ಹಿಡೀತಾರೆ, ನಿಮ್ಮನ್ನು ಹಿಡೀತಾರೆ."

"ಹಾಗಾದ್ರೆ ಡಬ್ಬಿ ಸುಟ್ಟುಬಿಡಿ."

"ಸುಟ್ರೆ ಎಂತ ತೋರಿಸುವುದು ಮಾರಾಯ? ಇಂಗ್ಲಿಷಿನವ ಎಲ್ಲಿ ಅಂತ ಕೇಳಿದ್ರೆ ತೋರಿಸ್ಲಿಕ್ಕೆ ನನ್ನ ಹತ್ರ ಇರುವುದು ಅವನೊಬ್ಬನೇ."

ಅಂದಿನಿಂದ ಇಂಗ್ಲಿಷ್ ನಿಂತಿತು. ಗೇಟಿನ ದೊರೆಯ ಸುರುಳಿಯನ್ನು ಮಶೀನಿಗೆ ಏರಿಸಿ, ವಯರು ಸಿಕ್ಕಿಸಿ, ಗೋಡೆಗೆ ಬೆಡ್‌ಶೀಟು ಹೊಡೆದು ಹಾಗೆಯೇ ಇಟ್ಟರು. ಮಶೀನಿನಲ್ಲಿದ್ದ ಬಲ್ಬಿಗೆ ನಲವತ್ತೊಂದು ಗಂಟೆಯ ಗೀಟು ಆಗಿತ್ತು. ಇನ್ನು ಒಂಬತ್ತು ಗಂಟೆ. ಸೈನಿಕರು ಬಂದ ಹೊತ್ತಿಗೆ ಅದು ಉರಿಯದಿದ್ದರೆ ದೊರೆ ಇಲ್ಲ, ದೊರೆ ಇಲ್ಲದಿದ್ದರೆ ಪೊರ್ಬುಗಳೂ ಇಲ್ಲ. ಇನ್ನೊಂದು ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಅಕ್ಕಿ ಡಬ್ಬಿಯೊಳಗೆ ಹೂತರು. ಆ ಎರಡು ದಿನ ಮೆಟ್ಟಿಲಲ್ಲಿ ಕಾಲಿನ ಸದ್ದಾದರೆ ಇಡೀ ಕಟ್ಟಡ ಉಸಿರು ಹಿಡಿಯುತ್ತಿತ್ತು. ಎದುರಾದವರು ಕೇಳುತ್ತಿದ್ದದ್ದು, ಚಹಾ ಆಯ್ತಾ, ಊಟ ಆಯ್ತಾ, ಅಷ್ಟೇ.

ಸೋಮವಾರ ಸಂಜೆ ನಾಲ್ಕು ಹತ್ತಕ್ಕೆ ಸೈನಿಕರು ಬಂದರು. ನಾನು ಚಹಾ ಕೊಡಲು ಮೇಲೆ ಹೋಗಿದ್ದೆ. ಆರು ಮಂದಿ. ಒಬ್ಬ ಆಫೀಸರು, ಅವನ ಬೂಟಿನಲ್ಲಿ ಒಂದು ಚೂರು ಧೂಳಿರಲಿಲ್ಲ. ಉಳಿದವರಲ್ಲಿ ಒಬ್ಬನಿಗೆ ನಲವತ್ತು ದಾಟಿತ್ತು, ಕಿವಿಯ ಹತ್ತಿರ ಬಿಳಿ ಕೂದಲು, ಮುಂದಿನ ಎರಡು ಹಲ್ಲಿಲ್ಲ. ಅವನೇ ಮಂಚದ ಕೆಳಗೆ ತೂರಿ ಡಬ್ಬಿಗಳನ್ನು ಎಳೆದು ಹಾಕಿದ. ಕಪಾಟು ತೆಗೆದರು, ಹಾಸಿಗೆ ಹರಿದರು, ನೀರಿನ ಟಾಂಕಿ ತಟ್ಟಿ ನೋಡಿದರು. ಆಫೀಸರಿಗೆ ಮೊಳೆಯಲ್ಲಿ ತೂಗುತ್ತಿದ್ದ ಗುಂಡು ಟೋಪಿ ಸಿಕ್ಕಿತು. ಅದರ ಒಳಗೆ ಲಂಡನ್ ಅಂಗಡಿಯ ಹೆಸರಿತ್ತು. ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಕೇಳಿದ. ಈ ಟೋಪಿಯ ತಲೆ ಎಲ್ಲಿದೆ ಎಂದು ಕೇಳಿದ್ದಂತೆ. ಪೊರ್ಬುಗಳು ಆಮೇಲೆ ಹೇಳಿದರು.

"ತೋರಿಸ್ತೇನೆ ಸಾರ್. ಒಂದು ನಿಮಿಷ."

ಸ್ವಿಚ್ಚು ಒತ್ತಿದರು. ಬಲ್ಬು ಉರಿಯಿತು. ನಾನು ಗೋಡೆಗೆ ಒರಗಿ ನಿಂತೆ. ಬೆಡ್‌ಶೀಟಿನ ಮೇಲೆ ದೊರೆ ಹೂ ಹಿಡಿದು ಬಂದ. ಆ ದಿನ ಪೊರ್ಬುಗಳು ಬಾಯಿ ತೆರೆಯಲಿಲ್ಲ. ಮಶೀನಿನ ಟರಟರ ಶಬ್ದ ಮಾತ್ರ. ಮೊದಲ ಸಲ ಆ ಪಿಕ್ಚರು ನಿಜವಾಗಿ ಮೂಕವಾಗಿತ್ತು. ಗೇಟು ಕಿತ್ತು ಬೆನ್ನಿಗೆ ಬಂದಾಗ ಹಲ್ಲಿಲ್ಲದ ಸೈನಿಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಬಂದೂಕು ಜಾರಿ ಮೊಣಕಾಲಿಗೆ ಬಂತು. ಉಳಿದವರೂ ನಕ್ಕರು. ಅವರು ಎಷ್ಟೋ ದಿನದಿಂದ ನಕ್ಕಿರಲಿಲ್ಲ ಎಂದು ಕಾಣುತ್ತದೆ. ನಗುವಿಗೆ ಕೆಮ್ಮು ಸೇರಿತ್ತು.

ಆಫೀಸರು ನಗಲಿಲ್ಲ. ಇನ್ನೊಮ್ಮೆ ಹಾಕಿಸಿದ. ನಗಲಿಲ್ಲ. ಮೂರನೇ ಸಲ ಹಾಕಿಸಿ, ಪೊಲೀಸು ಗೇಟು ನೋಡಿಯೂ ಚಹಾ ಕುಡಿಯಲು ಕುಳಿತ ಜಾಗದಲ್ಲಿ ಒಂದೇ ಒಂದು ಸಲ ನಕ್ಕ. ಅವನು ನಗದೆ ಇದ್ದಾಗ ಆಗದಷ್ಟು ಭಯ ಆಗ ನನಗೆ ಆಯಿತು. ಅವನು ಎದ್ದು ಟೋಪಿಯನ್ನು ತನ್ನ ತಲೆಗೆ ಇಟ್ಟುಕೊಂಡು ಕನ್ನಡಿ ನೋಡಿ, ಮಶೀನಿನ ಕಡೆ ಬೆರಳು ಮಾಡಿ, ಆಮೇಲೆ ಪೊರ್ಬುಗಳ ಕಡೆ ಬೆರಳು ಮಾಡಿ, "ಯಲ್ಲಾ", ನಡೆ, ಎಂದ.

ಅವರು ಮಶೀನು ಎತ್ತುವಾಗ ಪೊರ್ಬುಗಳು ಅಡ್ಡ ಹೋಗಿ, ಬಲ್ಬು ತೋರಿಸಿ, ಕೈ ಆಡಿಸಿ, ಮುಟ್ಟಬಾರದು ಸಾರ್, ಬೆರಳು ತಾಗಿದರೆ ಒಡೆಯುತ್ತದೆ ಎಂದು ಹೇಳಿದರು. ಬಿಳಿ ಬಟ್ಟೆಯಲ್ಲಿ ಹಿಡಿದು ತಾವೇ ಬಿಚ್ಚಿ ಸುತ್ತಿಕೊಂಡರು. ಆಫೀಸರು ಮಗ್ಗಿ ಕಲಿಯುವವನಂತೆ ನೋಡಿದ. ಬಾಗಿಲಲ್ಲಿ ಪೊರ್ಬುಗಳು ನನ್ನ ಕಡೆ ತಿರುಗಿ, "ಅಕ್ಕಿ ಡಬ್ಬಿ ಜಾಗ್ರತೆ ಅಕ್ಕ" ಎಂದರು. ಅಷ್ಟೇ ಹೇಳಲು ಬಿಟ್ಟರು.

ಗುರುವಾರ ಬಂತು. ಬಸ್ಸು ಬೆಳಿಗ್ಗೆ ಆರಕ್ಕೆ. ನಾನು ಗಂಟು ಕಟ್ಟಲಿಲ್ಲ.

"ಹುಚ್ಚಾ ನಿಮಗೆ?" ಎಂದರು ಲತೀಫ್. "ಇಲ್ಲಿ ಕೂತು ಎಂತ ಮಾಡ್ತೀರಿ? ಅವರನ್ನು ಬಿಡಿಸ್ಲಿಕ್ಕೆ ನಿಮ್ಮ ಹತ್ರ ಪಟಾಲಮ್ಮು ಉಂಟಾ?"

"ಬಲ್ಬು ಉಂಟು."

"ಯಾ ಅಲ್ಲಾಹ್! ಬಲ್ಬಂತೆ!"

"ಅವರು ಕೊಂಡುಹೋದದ್ದರಲ್ಲಿ ಒಂಬತ್ತು ಗಂಟೆಯೂ ಇಲ್ಲ ಈಗ. ಕೇಳ್ಳಿಕ್ಕೆ ಬಂದರೆ ಕೊಡ್ಲಿಕ್ಕೆ ಯಾರಾದರೂ ಬೇಡವಾ? ಆ ಮಾತು ಹೇಳಿದ್ದು ನಾನು ಲತೀಫ್. ಮಗ್ದಲೀನ್ ಬಾಯಿಯ ಮುಖ ಹೇಗೆ ನೋಡಲಿ?"

ಲತೀಫ್ ಅಂಗಡಿಯ ಬೀಗದ ಕೈ ನನ್ನ ಕೈಯಲ್ಲಿಟ್ಟು, ಮುಖ ತಿರುಗಿಸಿ ಹೋದರು. ಊಟಕ್ಕೆ ಬರುತ್ತಿದ್ದ ಆರು ಮಂದಿಯೂ ಆ ವಾರವೇ ಹೋದರು. ಕಟ್ಟಡದಲ್ಲಿ ನಾನು, ಕಾವಲಿನವನು, ಮೇಲೆ ಹರಿದ ಹಾಸಿಗೆ. ಆರು ದಿನ ಒಬ್ಬಳಿಗೇ ಅನ್ನ ಮಾಡಿದೆ. ಅಕ್ಕಿ ತೆಗೆಯುವಾಗ ಬಲ್ಬು ಬೆರಳಿಗೆ ಬಟ್ಟೆಯ ಮೇಲಿನಿಂದ ತಾಗುತ್ತಿತ್ತು.

ಅಕ್ಟೋಬರ್ ಮೂರು, ಬುಧವಾರ, ಹಗಲು ಹನ್ನೊಂದು ಗಂಟೆ. ಉಳಿದಿದ್ದ ಹಪ್ಪಳ ಕರಿಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಹಲ್ಲಿಲ್ಲದ ಸೈನಿಕ ಒಬ್ಬನೇ ನಿಂತಿದ್ದ. ಕೆಳಗೆ ಜೀಪು. ಅವನು ಕಾಗದದಲ್ಲಿ ಸುತ್ತಿದ ಒಂದು ಬಲ್ಬು ಕೊಟ್ಟ. ಒಳಗೆಲ್ಲ ಕಪ್ಪಾಗಿ ಸತ್ತಿತ್ತು. "ಖಲಾಸ್" ಎಂದು, ಹೊಸದು ಬೇಕು ಎಂದು ಕೈ ಮಾಡಿದ. ಕಾಗದದಲ್ಲಿ ಪೆನ್ಸಿಲಿನ ಕನ್ನಡ ಅಕ್ಷರವಿತ್ತು. ನಾನು ಒಲೆ ಆರಿಸಿ, ಕಿಟಕಿಯ ಹತ್ತಿರ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ಅಕ್ಕ, ಇವರು ಮುಂದಿನ ವಾರ ಬಸ್ರಾ ಕಡೆ ಹೋಗುತ್ತಾರೆ. ಮಶೀನು ಹೋದರೆ ನಾನೂ ಹೋಗಬೇಕು. ಬಲ್ಬನ್ನು ಬಟ್ಟೆಯಲ್ಲಿ ಹಿಡಿಯಬೇಡಿ. ಅಡುಗೆ ಕೈಯಿಂದಲೇ ತೆಗೆದು ಕೊಡಿ."

ಮೂರು ಸಲ ಓದಿದೆ. ಹಿಡಿಯಿರಿಯೋ, ಹಿಡಿಯಬೇಡಿಯೋ? ಬೇಡಿ ಎಂದೇ ಇತ್ತು. ಬಲ್ಬು ಒಡೆದರೆ ತಮ್ಮಿಂದ ಇನ್ನು ಏನೂ ಆಗಬೇಕಿಲ್ಲ ಎಂದು ಬಿಟ್ಟುಬಿಡುತ್ತಾರೆ ಎಂಬುದು ಪೊರ್ಬುಗಳ ಲೆಕ್ಕ. ಇಲ್ಲವೇ ಸಿಟ್ಟಿನಲ್ಲಿ ಗುಂಡು ಹೊಡೆದರೆ? ಬೇಡ, ಬಟ್ಟೆಯಲ್ಲೇ ಕೊಡುವಾ, ಇನ್ನು ಐವತ್ತು ಗಂಟೆಯಾದರೂ ಬದುಕಿರುತ್ತಾರೆ ಎಂದು ಅನಿಸಿತು. ಆದರೆ ಬಸ್ರಾದಿಂದ ಆ ಕಡೆ ಹೋದವರು ಎಲ್ಲಿ ಹೋದರು ಎಂದು ಯಾರು ಹುಡುಕುವವರು? ಅಲ್ಲಿರುವವರು ಅವರು, ಬರೆದವರು ಅವರು. ನಾನು ಕೇಳಿ ನಡೆಯುವುದೇ ಸರಿ ಎಂದುಕೊಂಡೆ.

ಅವನನ್ನು ಕುಳಿತುಕೊಳ್ಳಲು ಹೇಳಿ ಚಹಾ ಇಟ್ಟೆ. ಸಕ್ಕರೆ ಎಷ್ಟು ಎಂದು ಚಮಚ ತೋರಿಸಿ ಕೇಳಿದೆ. ಎರಡು ಬೆರಳು ತೋರಿಸಿದ. ಅವನು ಚಹಾ ಕುಡಿಯುತ್ತಿದ್ದಾಗ ನಾನು ಅವನಿಗೆ ಬೆನ್ನು ಹಾಕಿ, ಹಪ್ಪಳದ ಎಣ್ಣೆಯಲ್ಲಿ ಬೆರಳು ಅದ್ದಿ, ಅಕ್ಕಿಯಿಂದ ಬಲ್ಬು ತೆಗೆದು ಬಟ್ಟೆ ಬಿಚ್ಚಿದೆ. ಐದು ಬೆರಳೂ ಗಾಜಿಗೆ ತಾಗುವಂತೆ ಗಟ್ಟಿಯಾಗಿ ಹಿಡಿದೆ. ಇಷ್ಟು ವರ್ಷ ಮುಟ್ಟಬೇಡ ಎಂದ ವಸ್ತು, ತಣ್ಣಗೆ, ಹಗುರವಾಗಿತ್ತು. ಮತ್ತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ.

ಅವನು ಅದನ್ನು ಎದೆಯ ಕಿಸೆಯಲ್ಲಿ ಇಟ್ಟುಕೊಂಡ. ಬಾಗಿಲ ಹತ್ತಿರ ನಿಂತು, ಬೆನ್ನು ಬಗ್ಗಿಸಿ, ಹಿಂದೆ ಗೇಟು ಹೊತ್ತವನಂತೆ ನಾಲ್ಕು ಹೆಜ್ಜೆ ನಡೆದು ತೋರಿಸಿದ. ಇಲ್ಲದ ಟೋಪಿ ಎತ್ತಿದ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಶುಕ್ರನ್, ಯುಮ್ಮಾ" ಎಂದ. ಯುಮ್ಮಾ ಎಂದರೆ ಅಮ್ಮ.

ಅಕ್ಟೋಬರ್ ಒಂಬತ್ತು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ ಪೊರ್ಬುಗಳು ನಡೆದು ಬಂದರು. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. ಗಡ್ಡ ಬೆಳೆದಿತ್ತು. ಮೈಮೇಲೆ ಗಾಯವಿರಲಿಲ್ಲ, ನಾನು ಮೊದಲು ಅದನ್ನೇ ನೋಡಿದೆ. ನೀರು ಕುಡಿದು, ಗಂಜಿ ಉಂಡು, ಕೈ ತೊಳೆದ ಮೇಲೆ ಕೇಳಿದೆ.

"ಒಡೆಯಿತಾ?"

"ಮೂರನೇ ದಿವಸ. ಟಪ್ ಅಂತ. ಗೇಟಿನ ದೊರೆ ಚಹಾಕ್ಕೆ ಕೂತಿದ್ದ."

"ಬಿಟ್ಟರಲ್ಲ, ದೇವರು ದೊಡ್ಡವನು."

ಅವರು ಗೋಡೆ ನೋಡುತ್ತಿದ್ದರು.

"ಆಫೀಸರು ತಾನೇ ಮುಚ್ಚಳ ತೆಗೆದು ನೋಡಿದ ಅಕ್ಕ. ಗಾಜಿನ ಚೂರಿನಲ್ಲಿ ಬೆರಳಿನ ಗುರುತು ಸುಟ್ಟು ಕಪ್ಪಾಗಿ ನಿಂತಿತ್ತು. ಬೆರಳು ತಾಗಿದ್ರೆ ಒಡೀತದೆ ಅಂತ ನಾನೇ ಅವನಿಗೆ ಹೇಳಿದ್ದೆ, ಮೊದಲ ದಿವಸ. ನೆನಪಿಟ್ಟಿದ್ದ. ಮುಟ್ಟಿದ್ದು ಯಾರು ಅಂತ ಕೇಳಿದ. ನಾನು ಬಟ್ಟೆಯಲ್ಲೇ ಹಿಡಿದದ್ದನ್ನು ಎಲ್ಲರೂ ನೋಡಿದ್ರು."

"ಮತ್ತೆ?"

"ತಂದದ್ದು ಯಾರು ಅಂತ ಕೇಳಿದ."

ನಾನು ಗಂಜಿಯ ಬಟ್ಟಲು ಎತ್ತಿದೆ. ಅವರೇ ಹೇಳಿದರು.

"ಆ ಹಲ್ಲಿಲ್ಲದವ ಇಲ್ಲ ಇಲ್ಲ ಅಂತ ಕಿಸೆ ತೋರಿಸಿದ, ಬಟ್ಟೆ ತೋರಿಸಿದ. ಹೊರಗೆ ಕರ್ಕೊಂಡು ಹೋದರು. ನಾನು ಸುಮ್ಮನೆ ನಿಂತೆ. ಆಮೇಲೆ ಆಫೀಸರು ಒಳಗೆ ಬಂದು, ನೀನು ಇನ್ನು ಬೇಡ, ಹೋಗು ಅಂದ."

"ಶಬ್ದ ಎಂತಾದರೂ ಕೇಳಿತಾ ಪೊರ್ಬುಗಳೇ?"

"ನಾನು ಕಿವಿ ಮುಚ್ಚಿಕೊಂಡಿದ್ದೆ ಅಕ್ಕ."

ಅಕ್ಟೋಬರ್ 14, ಭಾನುವಾರದ ಬಸ್ಸಿನಲ್ಲಿ ನಮಗಿಬ್ಬರಿಗೆ ಜಾಗ ಸಿಕ್ಕಿತು. ಹನ್ನೊಂದು ದಿನಕ್ಕೆ ಊರು ಮುಟ್ಟಿದೆವು. ಮಗ್ದಲೀನ್ ಬಾಯಿ ನನ್ನ ಎರಡು ಕೈಗಳನ್ನೂ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎಂದು ಅನಿಸಿತು, ಎಳೆದುಕೊಳ್ಳಲಿಲ್ಲ. ಪೊರ್ಬುಗಳು ಈಗ ಮೊಮ್ಮಗುವನ್ನು ಆಡಿಸಿಕೊಂಡು ಮನೆಯಲ್ಲೇ ಇದ್ದಾರೆ. ಹತ್ತಿರದ ಮಕ್ಕಳು ಗೇಟಿನ ದೊರೆಯ ಕಥೆ ಹೇಳಿ ಎಂದು ಹಿಡಿದರೆ, ತಲೆನೋವು ಎನ್ನುತ್ತಾರೆ.

ಜನವರಿಯಲ್ಲಿ ಅಲ್ಲಿ ಬಾಂಬು ಬೀಳಲು ಸುರುವಾದಾಗ ಅವರು ನಮ್ಮ ಮನೆಗೆ ಬಂದಿದ್ದರು. ರೇಡಿಯೊ ಹೇಳುತ್ತಲೇ ಇತ್ತು. ಬಹಳ ಹೊತ್ತು ಕೇಳಿ, ತಟ್ಟನೆ ನನ್ನನ್ನು ಕೇಳಿದರು.

"ಅಕ್ಕ, ಆ ಮನುಷ್ಯ ನಿಮ್ಮ ಹತ್ರ ಹೆಸರು ಹೇಳಿದ್ದನಾ?"

ಇಲ್ಲ ಎಂದೆ. ಸಕ್ಕರೆ ಎಷ್ಟು ಎಂದು ಕೇಳಿದ್ದೆ. ಹೆಸರು ಕೇಳಿರಲಿಲ್ಲ.